ಕೈ ಬಿಗಿಯಾದ ವರ್ಷದಲ್ಲಿ ಮಕ್ಕಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು

ಆದಾಯ ಕುಸಿದ ಮನೆಯಲ್ಲಿ ದೊಡ್ಡವರು ಮೊದಲು ಮಾಡುವ ಕೆಲಸ ಮಕ್ಕಳ ಎದುರು ದನಿ ತಗ್ಗಿಸುವುದು. ಲೆಕ್ಕಾಚಾರವೆಲ್ಲ ಮಕ್ಕಳು ಮಲಗಿದ ಮೇಲೆ ನಡೆಯುತ್ತದೆ. ‘ಪಾಪ, ಮಕ್ಕಳಿಗೇಕೆ ಈ ಚಿಂತೆ’ ಎಂಬ ಪ್ರೀತಿಯೇ ಅದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಹಾಗೆ ಮಲಗಿದಂತೆ ಬಿದ್ದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ ಮಕ್ಕಳಲ್ಲಿ ನಾನೂ ಒಬ್ಬಳು. ಈಗ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಂಥ ಮಕ್ಕಳು ಪ್ರತಿ ವರ್ಷವೂ ನನ್ನ ತರಗತಿಯಲ್ಲಿ ಇರುತ್ತಾರೆ. ಮಗುವಿಗೆ ಗೊತ್ತಾಗದಂತೆ ಕಷ್ಟಪಡಲು ಯಾವ ಮನೆಗೂ ಸಾಧ್ಯವಿಲ್ಲ. ಅರ್ಧ ವಿಷಯ ಅದರ ಕಿವಿಗೆ ಬಿದ್ದೇ ಬೀಳುತ್ತದೆ. ಮಿಕ್ಕರ್ಧವನ್ನು ನೀವು ಹೇಳದಿದ್ದರೆ ತಾನೇ ಕಲ್ಪಿಸಿಕೊಳ್ಳುತ್ತದೆ, ಆ ಕಲ್ಪನೆ ನಿಜಕ್ಕಿಂತ ಘೋರವಾಗಿರುತ್ತದೆ. ಹೇಗೆ ಹೇಳಬೇಕೆಂಬುದನ್ನು ನಾನು ಕಂಡ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ರೇಷ್ಮೆ ಅಗ್ಗವಾಯಿತು, ಇಲ್ಲಿ ರೇಷ್ಮೆಗೂಡಿನ ಬೆಲೆ ಬಿತ್ತು. ಹುಳುವಿಗೆ ಇದಾವುದೂ ಗೊತ್ತಿಲ್ಲವಲ್ಲ, ಅದು ಪೊರೆ ಕಳಚುವ ನಾಲ್ಕು ‘ಜ್ವರ’ ಕಳೆದು, ಬಲಿತು ಹಣ್ಣಾಗಿ, ಎಂದಿನಂತೆಯೇ ಬಿದಿರಿನ ತಟ್ಟೆಯಾದ ಚಂದ್ರಿಕೆಯಲ್ಲಿ ಗೂಡು ಕಟ್ಟಿತು. ಹಿಪ್ಪುನೇರಳೆ ಸೊಪ್ಪಿನ ಖರ್ಚು, ಆಳಿನ ಕೂಲಿ, ಔಷಧಿ ಎಲ್ಲವೂ ಮೊದಲಿನಷ್ಟೇ. ಹರಾಜಿನಲ್ಲಿ ಅಪ್ಪನ ಗೂಡಿನ ಲಾಟಿಗೆ ಸಿಕ್ಕ ದರ ಹಿಂದಿನ ವರ್ಷದ ಅರ್ಧವೂ ಇರಲಿಲ್ಲ. ಗೂಡು ಮಾರಿದ ದಿನ ಪೇಟೆಯಿಂದ ಬರುತ್ತಿದ್ದ ಖಾರಾಬೂಂದಿಯ ಪೊಟ್ಟಣ ಬರಲಿಲ್ಲ. ನಮಗೆ ತಿಳಿದದ್ದು ಅಷ್ಟೇ: ಬೂಂದಿ ಬರಲಿಲ್ಲ, ಅಪ್ಪ ಮಾತಾಡಲಿಲ್ಲ.

ನನ್ನ ತಮ್ಮ ಆಗ ಎರಡನೇ ತರಗತಿಯಲ್ಲಿದ್ದ. ಹುಳುಮನೆಯ ಹತ್ತಿರ ಪೌಡರ್, ಊದುಬತ್ತಿ, ಹೊಗೆ ಯಾವುದೂ ಸುಳಿಯಬಾರದು, ಹುಳುವಿಗೆ ಆಗುವುದಿಲ್ಲ. ಅವನು ಶಾಲೆಯ ಕಾರ್ಯಕ್ರಮಕ್ಕೆ ಮುಖಕ್ಕೆಲ್ಲ ಪೌಡರ್ ಬಳಿದುಕೊಂಡು ಹುಳುಮನೆಯೊಳಗೆ ಇಣುಕಿದ್ದ, ಅಜ್ಜಿಯಿಂದ ಬೈಸಿಕೊಂಡಿದ್ದ. ಆಮೇಲೆ ಬೆಲೆ ಬಿತ್ತು. ಮನೆಗೆ ಬಂದ ಕಷ್ಟವೆಲ್ಲ ತನ್ನ ಪೌಡರಿನಿಂದಲೇ ಬಂದದ್ದೆಂದು ಆ ಮಗು ತಿಂಗಳುಗಟ್ಟಲೆ ನಂಬಿಕೊಂಡಿತ್ತು. ಸ್ನಾನವಾದ ಮೇಲೆ ಪೌಡರ್ ಡಬ್ಬಿ ಕಂಡರೆ ಮುಖ ತಿರುಗಿಸುತ್ತಿದ್ದ. ಕಾರಣ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಆದ್ದರಿಂದ ನೀವು ಬೇರೆ ಏನು ಹೇಳಿದರೂ ಬಿಟ್ಟರೂ, ‘ಇದು ನಿನ್ನಿಂದ ಆದದ್ದಲ್ಲ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿ. ಒಮ್ಮೆ ಹೇಳಿದರೆ ಸಾಲದು. ಶುಲ್ಕಕ್ಕೆ, ಬಟ್ಟೆಗೆ, ಆಸ್ಪತ್ರೆಗೆ ದುಡ್ಡು ಖರ್ಚಾದಾಗಲೆಲ್ಲ ಮಗುವಿಗೆ ಆ ಅನುಮಾನ ಮತ್ತೆ ಏಳುತ್ತದೆ.

ಹೇಳುವ ಮೊದಲು ಗಂಡಹೆಂಡತಿ ಇಬ್ಬರೂ ಕುಳಿತು ಒಂದು ಮಾತಿಗೆ ಬನ್ನಿ. ಏನು ಕಡಿಮೆಯಾಗಿದೆ, ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬ ಮೂರಕ್ಕೆ ಇಬ್ಬರ ಉತ್ತರವೂ ಒಂದೇ ಇರಲಿ. ಅಪ್ಪ ‘ಏನೂ ಆಗಿಲ್ಲ’ ಎನ್ನುವುದು, ಅಮ್ಮ ‘ಬೀದಿಗೆ ಬಂದೆವು’ ಎನ್ನುವುದು, ಇವೆರಡರ ನಡುವೆ ಸಿಕ್ಕ ಮಗು ಇಬ್ಬರನ್ನೂ ನಂಬುವುದಿಲ್ಲ. ಅಜ್ಜಿ ತಾತ ಮನೆಯಲ್ಲಿದ್ದರೆ ಅವರಿಗೂ ತಿಳಿಸಿಡಿ. ಮಕ್ಕಳು ಪ್ರಶ್ನೆ ಕೇಳಲು ಹೋಗುವುದು ಅವರ ಹತ್ತಿರವೇ.

ಹೊತ್ತನ್ನೂ ನೋಡಿಕೊಳ್ಳಿ. ರಾತ್ರಿ ಬೇಡ, ತಟ್ಟೆಯ ಮುಂದೆ ಬೇಡ. ಎದುರೆದುರು ಕೂರಿಸಿಕೊಂಡು ಗಂಭೀರವಾಗಿ ಶುರುಮಾಡಿದರೆ ಮಗು ಆಗಲೇ ಹೆದರಿರುತ್ತದೆ. ರಜೆಯ ದಿನ ಅವರೆಕಾಯಿ ಸುಲಿಯುವಾಗಲೋ ಬಟ್ಟೆ ಮಡಿಸುವಾಗಲೋ ಹೇಳಿ. ಕೈಗೆ ಕೆಲಸವಿದ್ದಾಗ ಕಣ್ಣು ಕೆಳಗಿರುತ್ತದೆ, ಬಾಯಿ ಸಡಿಲವಾಗುತ್ತದೆ.

ಆರೇಳು ವರ್ಷದೊಳಗಿನ ಮಗುವಿಗೆ ಎರಡು ಮಾತು ಸಾಕು: ‘ಈ ಸಲ ಅಪ್ಪನಿಗೆ ಕಡಿಮೆ ದುಡ್ಡು ಬಂದಿದೆ. ಊಟ ಇದೆ, ಮನೆ ಇದೆ, ನಾವೆಲ್ಲ ಇಲ್ಲೇ ಇರುತ್ತೇವೆ.’ ಎಂಟರಿಂದ ಹನ್ನೆರಡರ ಮಕ್ಕಳಿಗೆ ಕಾರಣ ಬೇಕು. ಅವರಿಗೆ ಕಾರಣ ಹೇಳದಿದ್ದರೆ ಕುಡಿತ, ಜೂಜು, ಅಪ್ಪ ಬಿಟ್ಟುಹೋಗುವುದು ಎಂದೆಲ್ಲ ಓಣಿಯಲ್ಲಿ ಕೇಳಿದ್ದನ್ನು ತಮ್ಮ ಮನೆಗೇ ಹೊಂದಿಸಿಕೊಳ್ಳುತ್ತಾರೆ. ಕಾರ್ಖಾನೆ ಮುಚ್ಚಿತು, ಟೊಮೆಟೊ ಕೇಳುವವರಿಲ್ಲ, ಕೊಳವೆಬಾವಿ ಬತ್ತಿತು, ಇದ್ದದ್ದನ್ನು ಇದ್ದಂತೆ ಹೇಳಿ. ಹೈಸ್ಕೂಲಿನ ಮಕ್ಕಳಿಗೆ ಅಂಕಿಅಂಶವನ್ನೇ ತೋರಿಸಬಹುದು: ತಿಂಗಳಿಗೆ ಬರುವುದು ಇಷ್ಟು, ಕಂತು ಇಷ್ಟು, ದಿನಸಿಗೆ ಇಷ್ಟು. ಆದರೆ ಅವರ ಭುಜದ ಮೇಲೆ ತಲೆಯಿಟ್ಟು ಅಳಬೇಡಿ. ಅಳಬೇಕಾದರೆ ಅಕ್ಕ, ತಮ್ಮ, ಗೆಳತಿ ಇದ್ದಾರೆ. ಹದಿಮೂರರ ಹುಡುಗಿ ಅಮ್ಮನಿಗೆ ಧೈರ್ಯ ಹೇಳುವ ಕೆಲಸಕ್ಕೆ ನಿಂತರೆ ಅವಳಿಗೆ ಧೈರ್ಯ ಹೇಳಲು ಯಾರೂ ಉಳಿಯುವುದಿಲ್ಲ.

ಎಲ್ಲಿಯವರೆಗೆ ಎಂಬುದನ್ನೂ ಹೇಳಿ. ‘ಎಲ್ಲ ಸರಿಹೋಗುತ್ತದೆ’ ಎಂಬ ಮಾತಿಗೆ ಮಕ್ಕಳ ಲೆಕ್ಕದಲ್ಲಿ ಬೆಲೆಯಿಲ್ಲ. ‘ಮುಂದಿನ ಬೆಳೆ ಬರುವವರೆಗೆ ಹೊಸ ಬಟ್ಟೆ ಇಲ್ಲ, ಆಮೇಲೆ ಮತ್ತೆ ನೋಡೋಣ’ ಎಂದರೆ ಹಿಡಿದುಕೊಳ್ಳಲು ಒಂದು ಗುರುತು ಸಿಗುತ್ತದೆ. ಆ ದಿನ ಬಂದಾಗ ಮರೆಯದೆ ಮತ್ತೆ ಮಾತಾಡಿ, ಹೇಳಲು ಒಳ್ಳೆಯ ಸುದ್ದಿ ಇಲ್ಲದಿದ್ದರೂ ಸರಿ.

ಸುಳ್ಳು ಹೇಳಲೇಬೇಡಿ, ಸಣ್ಣದಾದರೂ ಬೇಡ. ನಮ್ಮಮ್ಮ ತಮ್ಮ ಓಲೆ ಅಡವಿಟ್ಟಾಗ ‘ಮೆರುಗು ಹಾಕಿಸಲು ಕೊಟ್ಟಿದ್ದೇನೆ’ ಎಂದರು. ಕಿವಿಯ ತೂತು ಮುಚ್ಚದಿರಲೆಂದು ಪೊರಕೆಕಡ್ಡಿ ಚುಚ್ಚಿಕೊಂಡಿದ್ದರು. ದಿನವೂ ತಲೆ ಬಾಚಿಸಿಕೊಳ್ಳುವಾಗ ಎದುರಿನ ಕನ್ನಡಿಯಲ್ಲಿ ನನಗೆ ಆ ಕಡ್ಡಿಯೇ ಕಾಣುತ್ತಿತ್ತು. ಸ್ನಾನದ ನೀರು ತಾಗಿ ಅದರ ತುದಿ ಕಪ್ಪಾದದ್ದು, ಅವರು ಹೊಸ ಕಡ್ಡಿ ಮುರಿದು ಕಲ್ಲಿಗೆ ಉಜ್ಜಿ ನಯ ಮಾಡಿಕೊಂಡದ್ದು, ಎಲ್ಲವನ್ನೂ ನೋಡಿದ್ದೇನೆ. ಮೆರುಗು ಹಾಕಿಸಲು ಅಷ್ಟು ದಿನ ಬೇಕಿಲ್ಲ ಎಂಬುದು ಹತ್ತು ವರ್ಷದ ಹುಡುಗಿಗೂ ತಿಳಿಯುತ್ತದೆ. ಆಮೇಲೆ ಅವರು ಹೇಳಿದ ಬೇರೆ ಮಾತುಗಳನ್ನೂ ನಾನು ಪೂರ್ತಿ ನಂಬಲಿಲ್ಲ, ಜ್ವರ ಬಂದಾಗ ‘ನನಗೇನೂ ಆಗಿಲ್ಲ’ ಎಂದದ್ದನ್ನು ಕೂಡ. ‘ಅಡವಿಟ್ಟಿದ್ದೇವೆ, ಬಿಡಿಸಿಕೊಳ್ಳುತ್ತೇವೆ’ ಎಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ.

ಈಗ ಬಾಗಿಲಿನ ವಿಷಯ. ಇದನ್ನು ಕೈಮುಗಿದು ಕೇಳುತ್ತೇನೆ: ಸಾಲ ಕೊಟ್ಟವರು ಬಂದಾಗ ‘ಅಪ್ಪ ಮನೆಯಲ್ಲಿಲ್ಲ’ ಎಂದು ಹೇಳಲು ಮಗುವನ್ನು ಕಳಿಸಬೇಡಿ. ಒಳಗಿರುವ ಅಪ್ಪನನ್ನು ಇಲ್ಲ ಎನ್ನುವಾಗ ಮಗುವಿನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ಹೊಸ್ತಿಲಿನಲ್ಲಿ ನಿಂತವರಿಗೇ ಗೊತ್ತು. ಬಂದವರು ಗದರಿದರೆ ಆ ಗದರಿಕೆಯೂ ಅದರ ಪಾಲಿಗೆ. ನೀವೇ ಹೊರಗೆ ಬನ್ನಿ, ‘ಇವತ್ತಿಲ್ಲ, ಇಂಥ ದಿನ ಕೊಡುತ್ತೇನೆ’ ಎನ್ನಿ. ಅಪ್ಪ ತಲೆಯೆತ್ತಿ ಅಷ್ಟು ಹೇಳಿದ್ದನ್ನು ಮಗು ನೋಡಿದರೆ ಅದಕ್ಕೆ ಭಯ ಕಡಿಮೆಯೇ ಆಗುತ್ತದೆ. ಕಂತಿನವರು ಮೇರೆ ಮೀರಿದರೆ ನಿಮ್ಮ ಕಡೆಗೂ ಕಾನೂನಿದೆ. ಕಿರುಸಾಲ (ಮೈಕ್ರೋಫೈನಾನ್ಸ್) ಸಂಸ್ಥೆಗಳ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದು, ಬೆದರಿಸಬಾರದು, ನೆಂಟರಿಷ್ಟರನ್ನು ಪೀಡಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶನ ಕೊಟ್ಟಿದೆ. ಕರ್ನಾಟಕ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

ಶಾಲೆ ಬದಲಿಸಬೇಕಾಗಿ ಬಂದರೆ ಜೂನ್ ತಿಂಗಳವರೆಗೆ ಮುಚ್ಚಿಟ್ಟು ಕೊನೆಯ ಗಳಿಗೆಯಲ್ಲಿ ಬೇರೆ ಸಮವಸ್ತ್ರ ಕೈಗಿಡಬೇಡಿ. ಹಳೆಯ ಗೆಳೆಯರಿಗೆ ಹೇಳಿಬರಲು ಮಗುವಿಗೆ ಸಮಯ ಬೇಕು. ಹೊಸ ಶಾಲೆಗೆ ಮೊದಲೇ ಒಮ್ಮೆ ಕರೆದುಕೊಂಡು ಹೋಗಿ ಅಂಗಳ, ಶೌಚಾಲಯ, ಬಿಸಿಯೂಟದ ಅಡುಗೆಮನೆ ತೋರಿಸಿ. ‘ಗತಿಯಿಲ್ಲದೆ ಸರ್ಕಾರಿ ಶಾಲೆಗೆ ಹಾಕಿದೆವು’ ಎಂದು ಬಂದವರ ಮುಂದೆ ಹೇಳಬೇಡಿ. ಆ ಮಾತನ್ನು ಹೊತ್ತು ತಂದ ಮಕ್ಕಳು ಮೊದಲ ತಿಂಗಳು ಯಾರ ಜೊತೆಗೂ ಕೂಡಿ ಊಟಕ್ಕೆ ಕೂರುವುದಿಲ್ಲ, ನನ್ನ ಕಣ್ಣಾರೆ ಕಂಡಿದ್ದೇನೆ. ಹಳೆಯ ಶಾಲೆಯವರು ಬಾಕಿ ಶುಲ್ಕ ಕಟ್ಟುವವರೆಗೆ ವರ್ಗಾವಣೆ ಪತ್ರ ಕೊಡುವುದಿಲ್ಲ ಎಂದರೂ ಎಂಟನೇ ತರಗತಿಯವರೆಗೆ ಮಗುವಿನ ಓದು ನಿಲ್ಲಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಮುಖ್ಯಶಿಕ್ಷಕರ ಬಳಿ ನೇರವಾಗಿ ಬಂದು ಮಾತಾಡಿ.

ಮಕ್ಕಳು ತಾವೂ ಏನಾದರೂ ಮಾಡುತ್ತೇವೆ ಎನ್ನುತ್ತಾರೆ. ಬೇಡ ಎನ್ನಬೇಡಿ, ಅಳತೆ ಮೀರಲೂ ಬಿಡಬೇಡಿ. ಸೊಪ್ಪು ತರುವುದು, ಗೂಡು ಬಿಡಿಸುವುದು, ತಂಗಿಯನ್ನು ಆಡಿಸುವುದು ಸರಿ, ಅದೂ ಶಾಲೆ ಮುಗಿದ ಮೇಲೆ. ಗೂಡು ಬೇಯುವ ಬಿಸಿನೀರಿನ ಮುಂದೆ ಕೂರುವ ನೂಲು ಬಿಚ್ಚಾಣಿಕೆಗೆ, ಹೋಟೆಲಿಗೆ, ಗ್ಯಾರೇಜಿಗೆ ಕಳಿಸುವ ಮಾತೇ ಬೇಡ. 14 ವರ್ಷದೊಳಗಿನವರನ್ನು ಹಾಗೆ ದುಡಿಸುವುದು ಅಪರಾಧ. ಮಗು ಹುಂಡಿ ಒಡೆದು ಚಿಲ್ಲರೆ ತಂದುಕೊಟ್ಟರೆ ‘ಬೇಡ’ ಎಂದು ತಳ್ಳದೆ ತೆಗೆದುಕೊಳ್ಳಿ, ಅದರಲ್ಲಿ ಏನು ತಂದಿರೆಂದು ತೋರಿಸಿ, ಆಮೇಲೆ ಅಷ್ಟನ್ನೂ ಹಿಂದಿರುಗಿಸಿ.

ಜಗಳ ಹೊಡೆತಕ್ಕೆ ಹೋದರೆ, ಅಥವಾ ಮನೆಯಲ್ಲಿ ಯಾರಾದರೂ ‘ಬದುಕಿ ಏನು ಪ್ರಯೋಜನ’ ಎಂದು ಮೇಲಿಂದ ಮೇಲೆ ಹೇಳುತ್ತಿದ್ದರೆ ಅದು ಮಗುವಿನ ಕಿವಿಗೆ ಖಂಡಿತ ಬಿದ್ದಿದೆ ಎಂದೇ ತಿಳಿಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಇನ್ನೊಂದನ್ನು ಹೆಚ್ಚಿನವರು ಮರೆಯುತ್ತಾರೆ. ಕಷ್ಟ ಕಳೆದಾಗಲೂ ಮಕ್ಕಳಿಗೆ ಹೇಳಬೇಕು. ಗೂಡಿನ ಬೆಲೆ ಮತ್ತೆ ಚೇತರಿಸಿಕೊಂಡು, ಅಪ್ಪ ಸೊಸೈಟಿಯ ಸಾಲ ತೀರಿಸಿದರು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಷ್ಟು ದಿನವೂ ನಾನು ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ ಒತ್ತೊತ್ತಾಗಿ ಬರೆಯುತ್ತಿದ್ದೆ, ಪ್ರವಾಸದ ಚೀಟಿಯನ್ನು ಮನೆಗೆ ತರದೆ ಹರಿದು ಹಾಕುತ್ತಿದ್ದೆ. ನನ್ನ ತರಗತಿಯಲ್ಲೂ ಅಂಥ ಮಕ್ಕಳಿದ್ದಾರೆ, ‘ನನಗೆ ಬೇಡ ಟೀಚರ್’ ಎಂದು ಕೇಳುವ ಮೊದಲೇ ಹೇಳುವವರು. ಸಾಲದ ಕೊನೆಯ ಕಂತು ಕಟ್ಟಿದ ದಿನ ರಸೀದಿಯನ್ನು ಅವರ ಕೈಗೆ ಕೊಟ್ಟು ಓದಿಸಿ. ಬಿಟ್ಟುಕೊಟ್ಟಿದ್ದರಲ್ಲಿ ಯಾವುದು ಮೊದಲು ವಾಪಸು ಬರಬೇಕೆಂದು ಅವರನ್ನೇ ಕೇಳಿ. ಏನೂ ಬೇಡ ಎಂದರೆ ಸುಮ್ಮನಾಗಬೇಡಿ, ಇನ್ನೊಮ್ಮೆ ಕೇಳಿ.