ಚಕ್ರವರ್ತಿಗೆ ಹುಣಸೆಹಣ್ಣು ಹಚ್ಚಿದ ಕಥೆ

ನಾನು ಮೊದಲು ಕೊಂಡ ರೋಮನ್ ನಾಣ್ಯಗಳು ನಾಣ್ಯದ ಹಾಗೆ ಕಾಣುತ್ತಲೇ ಇರಲಿಲ್ಲ. ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ಎರಡನೇ ವರ್ಷ. ಒಂದು ನಾಣ್ಯ ಮೇಳದಲ್ಲಿ ಡಬ್ಬಿ ತುಂಬ ಮಣ್ಣು ಮೆತ್ತಿದ ತಾಮ್ರದ ಬಿಲ್ಲೆಗಳನ್ನು ಇಟ್ಟುಕೊಂಡು ಒಬ್ಬ ಕೂತಿದ್ದ. ತೊಳೆಯದೆ ಇರೋವು, ಒಂದೊಂದಕ್ಕೆ ಎರಡು ಪೌಂಡು, ಆರಿಸಿಕೊಳ್ಳಿ ಅಂದ. ಇಪ್ಪತ್ತು ಆರಿಸಿದೆ. ಸಂಜೆ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. "ತಾಮ್ರ ತಾನೇ? ಹುಣಸೆಹಣ್ಣು ಹಾಕಿ ಉಜ್ಜೋ, ಫಳಫಳ ಅನ್ನುತ್ತೆ" ಅಂದರು.

ಒಂದನ್ನು ಉಜ್ಜಿದೆ. ಫಳಫಳ ಅಂತು. ಅದರ ಮೇಲಿದ್ದ ಮುಖ ಮಾತ್ರ ಹೋಯಿತು.

ಹಳೇ ತಾಮ್ರದ ನಾಣ್ಯದಲ್ಲಿ ಮೂಗು, ಕಣ್ಣು, ಕೂದಲಿನ ಗೆರೆ ಉಳಿದಿರೋದು ಎಷ್ಟೋ ಸಲ ಆ ಹಸಿರು ಕಿಲುಬಿನ ಪದರದಲ್ಲೇ. ಹುಳಿ ಆ ಪದರವನ್ನೇ ತಿಂದುಹಾಕುತ್ತದೆ. ಅಮ್ಮನ ತಪ್ಪಲ್ಲ ಬಿಡಿ, ಅವರ ಚೊಂಬಿನ ಮೇಲೆ ಯಾರ ಮುಖವೂ ಇರಲಿಲ್ಲ. ಉಳಿದ ಹತ್ತೊಂಬತ್ತನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿದೆ. ನೀರು ಕೆಸರಾದಾಗಲೆಲ್ಲ ಬದಲಿಸಿದೆ. ಮೆತ್ತನೆ ಟೂತ್‌ಬ್ರಷ್ಷಿನಿಂದ ತಿಕ್ಕಿ, ಬಿಡದೇ ಇರೋ ಮಣ್ಣನ್ನು ಭೂತಗನ್ನಡಿ ಕೆಳಗಿಟ್ಟು ಟೂತ್‌ಪಿಕ್‌ನಿಂದ ಕೆರೆದೆ. ಸೂಜಿ ಮುಟ್ಟಬೇಡಿ, ಗೀರು ಬಿದ್ದರೆ ಮುಗಿಯಿತು. ಮೂರು ತಿಂಗಳು ಹಿಡಿಯಿತು.

ಒಂದೊಂದಾಗಿ ಮುಖಗಳು ಎದ್ದವು. ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಒಂದೇ ಮುಖ! ಬಲಕ್ಕೆ ತಿರುಗಿದ ಎಳೆ ಗಲ್ಲ, ಗಡ್ಡ ಇಲ್ಲ, ದೊಡ್ಡ ಕಣ್ಣು, ತಲೆಗೆ ಪಟ್ಟಿ. ಬರಹ ಓದಿದರೆ ಒಬ್ಬ ಚಕ್ರವರ್ತಿ ಕಾನ್‌ಸ್ಟಂಟೈನ್, ಇನ್ನೊಬ್ಬ ಅವನ ಮಗ ಕಾನ್‌ಸ್ಟಾಂಟಿಯಸ್, ಮತ್ತೊಬ್ಬ ಇನ್ನೊಬ್ಬ ಮಗ ಕಾನ್‌ಸ್ಟಾನ್ಸ್. ಹೆಸರಿನಲ್ಲೂ ಅವರಪ್ಪ ಜಾಸ್ತಿ ತಲೆ ಕೆಡಿಸಿಕೊಂಡ ಹಾಗಿಲ್ಲ. ಇಂಗ್ಲೆಂಡಿನ ಮಣ್ಣಿನಲ್ಲಿ ಜಾಸ್ತಿ ಸಿಗೋದು ಮೂರನೇ ಶತಮಾನದ ಕೊನೆಯ ಮತ್ತು ನಾಲ್ಕನೇ ಶತಮಾನದ ನಾಣ್ಯ. ಹಾಗಾಗಿ ನನ್ನ ಡಬ್ಬಿಯಲ್ಲೂ ಅವರೇ. ಆಗ ನಾನು ಮಾಡಿಕೊಂಡ ತೀರ್ಮಾನ ಸುಲಭದ್ದು: ಸಾಮ್ರಾಜ್ಯ ಇಳಿಯುತ್ತಾ ಬಂತು, ಅಚ್ಚು ಕೆತ್ತುವವರ ಕೈಯೂ ಇಳಿಯಿತು. ಅದು ತಪ್ಪು ಅಂತ ಗೊತ್ತಾಗಲು ನಾನು ಹಿಂದಕ್ಕೆ ಹೋಗಬೇಕಾಯಿತು.

ಹಿಂದಕ್ಕೆ ಅಂದರೆ ಕ್ರಿ.ಪೂ. 44ಕ್ಕೆ. ಅಲ್ಲಿಯವರೆಗೆ ರೋಮ್ ನಗರದ ಟಂಕಸಾಲೆಯಲ್ಲಿ ದೇವರ ತಲೆ ಹಾಕುತ್ತಿದ್ದರು, ಸತ್ತ ಹಿರಿಯರ ತಲೆ ಹಾಕುತ್ತಿದ್ದರು. ಬದುಕಿರುವ ಮನುಷ್ಯನ ತಲೆ ಹಾಕಿದ್ದು ಜೂಲಿಯಸ್ ಸೀಸರ್‌ನಿಂದ ಶುರು. ಒಣಕಲು ಕತ್ತು, ಅದರ ಮೇಲೆ ಸುಕ್ಕಿನ ಗೆರೆ, ತಲೆಗೆ ಎಲೆಯ ಮಾಲೆ. ಬೋಳು ಮುಚ್ಚಿಕೊಳ್ಳಲು ಆ ಮಾಲೆ ಅವನಿಗೆ ಅನುಕೂಲವಾಗಿತ್ತು ಅಂತ ರೋಮನ್ ಚರಿತ್ರಕಾರ ಸುಯೆಟೋನಿಯಸ್ ಬರೆದಿದ್ದಾನೆ. ಅದೇ ವರ್ಷ ಮಾರ್ಚ್‌ನಲ್ಲಿ ಅವನ ಕೊಲೆ ಆಯಿತು. ತಮಾಷೆ ಏನೆಂದರೆ, ಒಬ್ಬನೇ ಮೆರೆಯುವುದನ್ನು ವಿರೋಧಿಸಿ ಕೊಂದವರಲ್ಲಿ ಒಬ್ಬನಾದ ಬ್ರೂಟಸ್, ಎರಡು ವರ್ಷದೊಳಗೆ ತನ್ನ ಮುಖವನ್ನೇ ನಾಣ್ಯಕ್ಕೆ ಹಾಕಿಸಿಕೊಂಡ. ಹಿಂಬದಿಗೆ ಎರಡು ಕಠಾರಿ.

ಇವೆಲ್ಲ ನಾನು ಮ್ಯೂಸಿಯಂ ಗಾಜಿನಾಚೆ, ಹರಾಜಿನ ಕ್ಯಾಟಲಾಗ್‌ನಲ್ಲಿ ನೋಡಿದ್ದು. ಕೊಳ್ಳುವ ಮಾತಿಲ್ಲ. ನಾನು ಕೊಂಡದ್ದು ರೋಮ್‌ನ ಎರಡನೇ ಚಕ್ರವರ್ತಿ ಟಿಬೇರಿಯಸ್‌ನ ಒಂದು ಸವೆದ ಡಿನೇರಿಯಸ್, ಅಂದರೆ ಬೆಳ್ಳಿ ನಾಣ್ಯ, ಅದೂ ಬೋನಸ್ ಬಂದ ತಿಂಗಳು. ಅದಕ್ಕೊಂದು ಕಾರಣ ಇದೆ. ನಾನು ಬೆಳೆದದ್ದು ಬೆಂಗಳೂರಿನ ಯಶವಂತಪುರದ ಹತ್ತಿರ. ಅಲ್ಲಿ 1890ರ ಸುಮಾರಿಗೆ 160ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ದಿನಾ ಬಸ್ ಹಿಡಿಯುತ್ತಿದ್ದ ಜಾಗದಲ್ಲಿ ಹೀಗೊಂದು ಸಂಗತಿ ನಡೆದಿತ್ತು ಅಂತ ನನಗೆ ಗೊತ್ತಾದದ್ದು ಇಂಗ್ಲೆಂಡಿನಲ್ಲಿ ಕೂತು!

ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಮೊದಲ ಚಕ್ರವರ್ತಿ ಆಗಸ್ಟಸ್ ಮತ್ತು ಟಿಬೇರಿಯಸ್ ನಾಣ್ಯಗಳೇ ಜಾಸ್ತಿ. ಇಬ್ಬರದೂ ವಯಸ್ಸಾಗದ ಮುಖ. ಆಗಸ್ಟಸ್ ಸತ್ತಾಗ 75 ವರ್ಷ, ನಾಣ್ಯದಲ್ಲಿ ಕೊನೆಯವರೆಗೂ ಹುಡುಗ. ಟಿಬೇರಿಯಸ್ ಸತ್ತಾಗ 77. ನನ್ನ ನಾಣ್ಯದಲ್ಲಿ ಅವನ ಗಲ್ಲ ಎಷ್ಟು ಸವೆದಿದ್ದರೂ ಒಂದು ಸುಕ್ಕೂ ಕಾಣುವುದಿಲ್ಲ. ಅಂದರೆ ಶುರುವಿನಲ್ಲೇ ಅಚ್ಚಿಗೆ ಹೋಗುತ್ತಿದ್ದದ್ದು ಅವನು ಹೇಗಿದ್ದಾನೆ ಅನ್ನುವುದಲ್ಲ, ಹೇಗೆ ಕಾಣಬೇಕು ಅನ್ನುವುದು. ನನ್ನ ಡಬ್ಬಿಯ ಕಾನ್‌ಸ್ಟಂಟೈನ್ ಬಗ್ಗೆ ಮೊದಲ ಅನುಮಾನ ಬಂದದ್ದು ಇಲ್ಲೇ.

ಇದಾದ ಮೇಲೆ ಒಂದು ಆಟ ಶುರು ಮಾಡಿದೆ. ಹೊಸ ನಾಣ್ಯ ಬಂದರೆ ಅಂಚಿನ ಬರಹವನ್ನು ಕಾಗದದ ಬಳೆಯಿಂದ ಮುಚ್ಚುವುದು. ಮುಖ ನೋಡಿ ಯಾರು ಅಂತ ಹೇಳುವುದು. ಆಮೇಲೆ ಕಾಗದ ತೆಗೆದು ಓದುವುದು. ಓದುವಾಗ ಒಂದು ನೆನಪಿರಲಿ, ಯು ಇರಬೇಕಾದ ಕಡೆ ಅವರು ವಿ ಕೆತ್ತುತ್ತಿದ್ದರು. ಹೊಸಬರು ಎಡವುವುದು ಅಲ್ಲೇ.

ಮೂಗಿಗಿಂತ ಕತ್ತು ಮತ್ತು ಕೂದಲು ಹೆಚ್ಚು ಹೇಳುತ್ತವೆ ಅನ್ನುವುದು ಈ ಆಟದಿಂದ ಕಲಿತದ್ದು. ನೀರೋನನ್ನೇ ನೋಡಿ. ಹದಿನಾರಕ್ಕೆ ಪಟ್ಟಕ್ಕೆ ಬಂದಾಗ ದುಂಡು ಮುಖದ ಹುಡುಗ. ನನ್ನ ಹತ್ತಿರ ಇರೋ ತಾಮ್ರದ್ದು ಕೊನೆಯ ವರ್ಷಗಳದ್ದು. ಕತ್ತು ತಲೆಗಿಂತ ದಪ್ಪ. ಹಣೆ ಮೇಲೆ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಸುರುಳಿ ಮಾಡಿಸಿದ್ದಾನೆ. ಕತ್ತಿನ ತುದಿಗೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ. ನಾನು ಮಣ್ಣು ಅಂದುಕೊಂಡು ಟೂತ್‌ಪಿಕ್ ಹಿಡಿದಿದ್ದೆ. ಅದು ಪುಟ್ಟ ಗೋಳ, ನಾಣ್ಯ ರೋಮ್‌ನಲ್ಲಲ್ಲ, ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ ಆದದ್ದು ಅನ್ನುವ ಗುರುತು! ತನ್ನ ಮುಖವನ್ನು ಇಷ್ಟು ದಪ್ಪಗೆ ತೋರಿಸಲು ಒಪ್ಪಿದ ನೀರೋನೇ ಬೆಳ್ಳಿ ನಾಣ್ಯವನ್ನು ತೆಳ್ಳಗೆ ಮಾಡಿದ. ಒಂದು ರೋಮನ್ ಪೌಂಡು ಬೆಳ್ಳಿಗೆ 84 ಬರುತ್ತಿದ್ದದ್ದು 96 ಆಯಿತು.

ನೀರೋ ಹೋದ ಮೇಲೆ ಮುದುಕರ ಕಾಲ. ಗಾಲ್ಬಾ ಸುಕ್ಕುಸುಕ್ಕು. ಅರವತ್ತರ ಆಸುಪಾಸಿನಲ್ಲಿ ಗದ್ದುಗೆ ಏರಿದ ವೆಸ್ಪೇಸಿಯನ್ ಬೋಳು ತಲೆ, ಮುಂದೆ ಚಾಚಿದ ಗದ್ದ, ಹೊಲದಿಂದ ಈಗ ಬಂದವನ ಹಾಗೆ. ಅದೂ ಒಂದು ವೇಷವೇ ಅಲ್ವಾ? ನಾನು ಆ ಸೋಗಿನ ಹುಡುಗ ಅಲ್ಲಪ್ಪ ಅಂತ ಜನಕ್ಕೆ ಹೇಳಬೇಕಿತ್ತು. ಕ್ರಿ.ಶ. 117ರಲ್ಲಿ ಹೇಡ್ರಿಯನ್ ಪೂರ್ತಿ ಗಡ್ಡ ಬಿಟ್ಟು ಬಂದ. ಆಮೇಲೆ ನೂರು ವರ್ಷ ಗಡ್ಡ ಇಲ್ಲದ ದೊಡ್ಡವನು ಸಿಗುವುದು ಕಷ್ಟ. ಮಾರ್ಕಸ್ ಆರೀಲಿಯಸ್‌ನದಂತೂ ಮನೆ ಆಲ್ಬಮ್ ಇದ್ದ ಹಾಗೆ. ಗುಂಗುರು ಕೂದಲ ಹುಡುಗ, ಚಿಗುರು ಗಡ್ಡ, ಎದೆಗಿಳಿದ ಗಡ್ಡ. ಅವನ ನಾಲ್ಕು ನಾಣ್ಯ ಸಾಲಾಗಿ ಇಟ್ಟಿದ್ದೇನೆ.

ನನ್ನ ಆಟದಲ್ಲಿ ನಾನು ಸೋತದ್ದು ಮ್ಯಾಕ್ಸಿಮಿನಸ್ ಹತ್ತಿರ. 235ರಲ್ಲಿ ಸೈನಿಕರು ಸೆವೆರಸ್ ಅಲೆಕ್ಸಾಂಡರ್ ಅನ್ನುವ ಎಳೆಯನನ್ನು ಕೊಂದು ಈ ದೈತ್ಯನನ್ನು ಚಕ್ರವರ್ತಿ ಮಾಡಿದರು. ಬರಹ ಮುಚ್ಚಿಕೊಂಡು ನೋಡಿದೆ, ಸಣ್ಣ ಗದ್ದ, ನಾಜೂಕು ಮುಖ, ಅಲೆಕ್ಸಾಂಡರ್ ಅಂದೆ. ಕಾಗದ ತೆಗೆದರೆ ಮ್ಯಾಕ್ಸಿಮಿನಸ್! ಮಾರಿದವನು ಮೋಸ ಮಾಡಿದ ಅಂತಲೇ ಅಂದುಕೊಂಡೆ. ಆಮೇಲೆ ಅರ್ಥ ಆಯಿತು. ಅವನು ಗಡಿಯಲ್ಲಿದ್ದ, ಚಕ್ರವರ್ತಿಯಾಗಿ ರೋಮ್‌ಗೆ ಬರಲೇ ಇಲ್ಲ. ರೋಮ್‌ನ ಅಚ್ಚಿನವರ ಮುಂದೆ ಅವನ ಮುಖ ಇರಲಿಲ್ಲ, ನಾಣ್ಯ ಮಾತ್ರ ಬೇಗ ಬೇಕಿತ್ತು. ಹಳೇ ರಾಜನ ಮುಖಕ್ಕೆ ಹೊಸ ಹೆಸರು ಸುತ್ತಿಬಿಟ್ಟರು. 236ರಿಂದ ಹೆಸರಿನ ಕೊನೆಗೆ 'ಗೆರ್ಮ್' ಅಂತ ಸೇರಿತು, ಜರ್ಮನರನ್ನು ಗೆದ್ದವನು ಅಂತ. ಆ ಹೊತ್ತಿಗೆ ಅವನ ಚಿತ್ರ ಊರಿಗೆ ತಲುಪಿತ್ತು ಅಂತ ಕಾಣುತ್ತದೆ. ಗದ್ದ ಸಲಿಕೆಯ ಹಾಗೆ ಮುಂದೆ ಬಂದಿದೆ. ಅಂಥದ್ದನ್ನೂ ಒಂದು ಹುಡುಕಿ ತಂದೆ. ಟ್ರೇಯಲ್ಲಿ ಎರಡೂ ಪಕ್ಕಪಕ್ಕ ಇವೆ, ಬಂದವರಿಗೆ ನಾನು ಮೊದಲು ತೋರಿಸುವುದು ಅವನ್ನೇ.

ಅಲ್ಲಿಂದ ಮುಂದೆ ಐವತ್ತು ವರ್ಷ ಸೈನಿಕರದ್ದೇ ಆಟ. ಕತ್ತರಿಸಿದ ಕೂದಲು, ಮುಳ್ಳುಗಡ್ಡ, ಹಣೆಗೆ ಗಂಟು. ತಲೆಗೆ ಸೂರ್ಯನ ಕಿರಣದ ಕಿರೀಟ, ನಾಣ್ಯದೊಳಗೆ ಮಾತ್ರ ಬೆಳ್ಳಿ ಹೆಸರಿಗಷ್ಟೇ. ಚಕ್ರವರ್ತಿ ಗ್ಯಾಲಿಯೆನಸ್ ಕಾಲದ ಕೊನೆಗೆ ತಾಮ್ರಕ್ಕೆ ಬೆಳ್ಳಿಯ ಕಲಾಯಿ ಹಾಕಿದ ಹಾಗೆ. ಇಂಗ್ಲೆಂಡಿನಲ್ಲಿ ಸಿಗುವ ಊರೊಳಗಿನ ನಕಲುಗಳು ಇನ್ನೂ ಚೆಂದ. ಟೆಟ್ರಿಕಸ್ ಅನ್ನುವವನ ನಾಣ್ಯವನ್ನು ನೋಡಿಕೊಂಡು ಯಾರೋ ಕೆತ್ತಿದ್ದು, ಮೂಗು ಒಂದು ಕಡ್ಡಿ, ಕಿರೀಟ ಬಾಚಣಿಗೆ. ನನ್ನ ಮಗಳಿಗೆ ಇಡೀ ಟ್ರೇಯಲ್ಲಿ ಇಷ್ಟವಾದದ್ದು ಅದೊಂದೇ.

293ರಲ್ಲಿ ಡಯೋಕ್ಲೀಷಿಯನ್ ಆಳ್ವಿಕೆಯನ್ನು ನಾಲ್ವರಿಗೆ ಹಂಚಿದ. ನಾಣ್ಯದಲ್ಲಿ ನಾಲ್ವರಿಗೂ ಒಂದೇ ತಲೆ. ಚೌಕ ಮುಖ, ಮರದ ದಿಮ್ಮಿಯಂಥ ಕತ್ತು, ಕತ್ತರಿಸಿದ ಗಡ್ಡ. ಕಾಗದ ತೆಗೆಯದೆ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ಆದರೆ ಕೆತ್ತನೆ ನೋಡಿ, ಗಡ್ಡದ ಒಂದೊಂದು ಚುಕ್ಕಿಯೂ ಸ್ಪಷ್ಟ. ಕೈ ಇಳಿದವರ ಕೆಲಸ ಅಲ್ಲ ಅದು. ನಾವು ನಾಲ್ವರೂ ಒಂದೇ ಅನ್ನುವುದೇ ಹೇಳಬೇಕಾದ ಮಾತು. ನನ್ನ ಹಳೇ ತೀರ್ಮಾನ ಬಿದ್ದುಹೋದದ್ದು ಈ ನಾಣ್ಯ ಕೈಗೆ ಬಂದ ದಿನ. ಕಾನ್‌ಸ್ಟಂಟೈನ್ ಮೊದಲು ಈ ಗುಂಪಿನ ಹಾಗೇ ಕಾಣುತ್ತಾನೆ. ಆಮೇಲೆ ಗಡ್ಡ ಬೋಳಿಸಿ, ಉದ್ದ ಮೂಗಿನ ಎಳೆ ಮುಖ ಹಾಕಿಕೊಂಡು, ಮುನ್ನೂರು ವರ್ಷ ಹಿಂದಿನ ಆಗಸ್ಟಸ್ ಕಡೆಗೆ ಹೊರಳುತ್ತಾನೆ. 325ರ ಹೊತ್ತಿಗೆ ಎಲೆಯ ಮಾಲೆ ಹೋಗಿ ಪಟ್ಟಿ ಬಂತು, ಕೆಲವದರಲ್ಲಿ ಕಣ್ಣು ಮೇಲಕ್ಕೆ ತಿರುಗಿತು. ಅದು ಪ್ರಾರ್ಥನೆಯ ನೋಟ ಅಂತ ಆ ಕಾಲದ ಬಿಷಪ್ ಯುಸೇಬಿಯಸ್ ಬರೆದಿದ್ದಾನೆ. ಮಕ್ಕಳು ಅಪ್ಪನ ಮುಖವನ್ನೇ ಮುಂದುವರಿಸಿದರು. ನನ್ನ ಡಬ್ಬಿಯ ಗುಟ್ಟು ಇಷ್ಟೇ.

ಮುಖಕ್ಕೆ ಎಷ್ಟು ಬೆಲೆ ಇತ್ತು ಅನ್ನುವುದಕ್ಕೆ ಎರಡು ನಿಧಿಗಳನ್ನು ಜೊತೆಗಿಟ್ಟು ನೋಡುತ್ತೇನೆ. 1992ರಲ್ಲಿ ಇಂಗ್ಲೆಂಡಿನ ಹಾಕ್ಸನ್‌ನಲ್ಲಿ ಸುಮಾರು 15,000 ನಾಣ್ಯ ಸಿಕ್ಕವು. ಅದರಲ್ಲಿನ ಎಷ್ಟೋ ಬೆಳ್ಳಿ ನಾಣ್ಯಗಳ ಅಂಚನ್ನು ಕತ್ತರಿಸಿ ಬೆಳ್ಳಿ ಕದ್ದಿದ್ದಾರೆ, ಬರಹವೂ ಹೋಗಿದೆ, ಆದರೆ ಚಕ್ರವರ್ತಿಯ ತಲೆಯನ್ನು ಮುಟ್ಟಿಲ್ಲ. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ 501 ರೋಮನ್ ಚಿನ್ನದ ನಾಣ್ಯ ಸಿಕ್ಕವು. ಅಲ್ಲಿ ಬಹುಪಾಲು ನಾಣ್ಯಗಳ ಮೇಲೆ ಮುಖದ ಅಡ್ಡಕ್ಕೇ ಉಳಿಯ ಏಟು. ಇದು ಇನ್ನು ದುಡ್ಡಲ್ಲ, ಬರೀ ಚಿನ್ನ ಅಂತ ತೋರಿಸಲು ಹೊಡೆದದ್ದು ಅಂತ ಒಂದು ಊಹೆ.

ನನ್ನ ಟ್ರೇಯ ಕೊನೆಯ ನಾಣ್ಯ ಆರನೇ ಶತಮಾನದ ಚಕ್ರವರ್ತಿ ಜಸ್ಟಿನಿಯನ್‌ನದು. ಅಂಗೈ ತುಂಬುವ ತಾಮ್ರ, ತೂಕ 20 ಗ್ರಾಂ ದಾಟುತ್ತದೆ. ಹಿಂಬದಿಯಲ್ಲಿ ದೊಡ್ಡ ಎಂ, ಗ್ರೀಕ್ ಲೆಕ್ಕದಲ್ಲಿ 40, ಅದು ನಾಣ್ಯದ ಬೆಲೆ. ಪಕ್ಕದಲ್ಲಿ ಆಳ್ವಿಕೆಯ ಹನ್ನೆರಡನೇ ವರ್ಷ, ಅಂದರೆ 538-39. ಆ ವರ್ಷದಿಂದ ಅವನ ತಾಮ್ರದ ನಾಣ್ಯದಲ್ಲಿ ಪಕ್ಕದ ಮುಖ ಹೋಗಿ ನೇರ ಮುಖ ಬಂತು. ಮೂಗು ಇಲ್ಲ, ಗದ್ದ ಇಲ್ಲ, ಎರಡು ಕಣ್ಣು ಮತ್ತು ಶಿರಸ್ತ್ರಾಣ. ನನ್ನ ಕಾಗದದ ಬಳೆ ಇಲ್ಲಿ ಕೆಲಸಕ್ಕೆ ಬಾರದು. ಏಳನೇ ಶತಮಾನದ ಕೊನೆಗೆ ಎರಡನೇ ಜಸ್ಟಿನಿಯನ್ ಮುಂಬದಿಯನ್ನು ಕ್ರಿಸ್ತನಿಗೆ ಬಿಟ್ಟುಕೊಟ್ಟು, ತಾನು ಹಿಂಬದಿಗೆ ಹೋಗಿ ಶಿಲುಬೆ ಹಿಡಿದು ನಿಂತ. ಆ ಚಿನ್ನದ ನಾಣ್ಯವನ್ನು ಒಮ್ಮೆ ಹರಾಜಿನಲ್ಲಿ ನೋಡಿ, ಬೆಲೆ ಕೇಳಿ, ಕ್ಯಾಟಲಾಗ್ ಮುಚ್ಚಿಟ್ಟೆ.