ಸೈಕ್ಲಿನ್ ಬಿ1 ಕರಗುವುದನ್ನು ಬ್ಲಾಟ್‌ನಲ್ಲಿ ಹಿಡಿಯುವುದು: ನನ್ನ ಅನುಭವ

ಮೈಟಾಸಿಸ್‌ (ಕೋಶ ವಿಭಜನೆ) ಮುಗಿಯುವಾಗ, ಅದನ್ನು ನಡೆಸುವ ಸೈಕ್ಲಿನ್ ಬಿ1 ಎಂಬ ಪ್ರೋಟೀನ್ ಕರಗುವುದನ್ನು ಬ್ಲಾಟ್‌ನಲ್ಲಿ (ಜೆಲ್‌ನಲ್ಲಿ ಬೇರ್ಪಡಿಸಿದ ಪ್ರೋಟೀನನ್ನು ಪ್ರತಿಕಾಯದಿಂದ ಗುರುತಿಸುವ ವಿಧಾನ) ನೋಡಲು ನಾನು ಬಳಸುವುದು ಹೀಲಾ ಕೋಶಗಳನ್ನು (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು). ಈ ಪ್ರಯೋಗ ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಜೆಲ್‌ನಲ್ಲಲ್ಲ. ಅದಕ್ಕೂ ಮೊದಲೇ, ಕೋಶಗಳನ್ನೆಲ್ಲ ಒಂದೇ ಹಂತಕ್ಕೆ ತಂದು ನಿಲ್ಲಿಸುವಾಗ.

15 ಸೆಂ.ಮೀ. ಡಿಶ್‌ ಶೇ. 40ರಷ್ಟು ತುಂಬಿದಾಗ 2 ಮಿಲಿಮೋಲಾರ್ ಥೈಮಿಡಿನ್ (ಡಿಎನ್‌ಎ ನಕಲಾಗುವ ಹಂತದಲ್ಲಿ ಕೋಶಗಳನ್ನು ತಡೆಯಲು) ಹಾಕಿ 24 ಗಂಟೆ ಬಿಡುತ್ತೇನೆ. ತೊಳೆದು, ಹೊಸ ಮೀಡಿಯಂನಲ್ಲಿ 3 ಗಂಟೆ ಇಟ್ಟು, ಬಳಿಕ ಮಿ.ಲೀ.ಗೆ 100 ನ್ಯಾನೊಗ್ರಾಂನಂತೆ ನೊಕೊಡಜೋಲ್ (ಕೋಶಗಳನ್ನು ಮೈಟಾಸಿಸ್‌ನಲ್ಲೇ ನಿಲ್ಲಿಸುವ ಔಷಧಿ). 12 ಗಂಟೆ ಸಾಕು. ಹೆಚ್ಚು ಕೋಶ ಸಿಗಲಿ ಎಂದು 16 ಗಂಟೆ ದಾಟಿಸಬೇಡಿ. ಚೆಕ್‌ಪಾಯಿಂಟ್ (ವರ್ಣತಂತುಗಳು ಸರಿಯಾಗಿ ಜೋಡಣೆಯಾಗುವ ತನಕ ವಿಭಜನೆ ತಡೆಯುವ ವ್ಯವಸ್ಥೆ) ಹಿಡಿದಿದ್ದರೂ ಸೈಕ್ಲಿನ್ ಬಿ1 ಸ್ವಲ್ಪಸ್ವಲ್ಪವಾಗಿ ಕಡಿಮೆಯಾಗುತ್ತಲೇ ಇರುತ್ತದೆ. ಕೆಲವು ಕೋಶಗಳು ವಿಭಜನೆಯಾಗದೆಯೇ ಮೈಟಾಸಿಸ್‌ನಿಂದ ಜಾರಿಕೊಳ್ಳುತ್ತವೆ, ಕೆಲವು ಸಾಯುತ್ತವೆ.

ನೊಕೊಡಜೋಲ್‌ ಮೈಕ್ರೊಟ್ಯೂಬ್ಯೂಲ್‌ಗಳು (ವರ್ಣತಂತುಗಳನ್ನು ಎಳೆಯುವ ಎಳೆಗಳು) ಕಟ್ಟಿಕೊಳ್ಳಲು ಬಿಡುವುದಿಲ್ಲ. ಕೈನೆಟೋಕೋರ್‌ಗಳು (ವರ್ಣತಂತುಗಳಿಗೆ ಆ ಎಳೆಗಳು ಕೂಡುವ ಜಾಗಗಳು) ಖಾಲಿ ಇರುವ ತನಕ ಮ್ಯಾಡ್2, ಬಬ್‌ಆರ್1, ಬಬ್3 ಎಂಬ ಚೆಕ್‌ಪಾಯಿಂಟ್ ಪ್ರೋಟೀನ್‌ಗಳು ಸೇರಿ ಸಿಡಿಸಿ20 ಎಂಬ ಸಹಾಯಕ ಪ್ರೋಟೀನನ್ನು ಕಟ್ಟಿಹಾಕುತ್ತವೆ. ಸಿಡಿಸಿ20 ಕೈಗೆ ಸಿಗದೆ ಎಪಿಸಿ ಎಂಬ ದೊಡ್ಡ ಇ3 ಲೈಗೇಸ್ (ಒಡೆಯಬೇಕಾದ ಪ್ರೋಟೀನ್‌ಗೆ ಯುಬಿಕ್ವಿಟಿನ್ ಅಂಟಿಸುವ ಕಿಣ್ವ), ಸೈಕ್ಲಿನ್ ಬಿ1 ಮತ್ತು ಸೆಕ್ಯೂರಿನ್‌ಗಳ ಡಿ-ಬಾಕ್ಸ್ ಗುರುತನ್ನು ಹಿಡಿಯಲಾರದು. ಔಷಧಿ ತೊಳೆದುಹೋದ ಮೇಲೆ ಸ್ಪಿಂಡಲ್ (ಮೈಕ್ರೊಟ್ಯೂಬ್ಯೂಲ್‌ಗಳ ಚೌಕಟ್ಟು) ಕಟ್ಟಿಕೊಂಡು ಕೊನೆಯ ಕೈನೆಟೋಕೋರ್‌ ಕೂಡಿದಾಗಷ್ಟೇ ಬೀಗ ತೆರೆಯುವುದು. ಆದ್ದರಿಂದ ತೊಳೆಯುವ ಹಂತದಲ್ಲಿ ಅವಸರವೂ ಬೇಡ, ಅಸಡ್ಡೆಯೂ ಬೇಡ.

ಡಿಶ್‌ನ ಬದಿಯನ್ನು ಅಂಗೈಯಿಂದ ತಟ್ಟಿದರೆ ಗುಂಡಗೆ ಹೊಳೆಯುವ ಕೋಶಗಳು ಎದ್ದು ಬರುತ್ತವೆ. ಚಪ್ಪಟೆಯಾಗಿ ಅಂಟಿಕೊಂಡವು ಅಲ್ಲೇ ಇರಲಿ. 200 ಜಿ ವೇಗದಲ್ಲಿ 3 ನಿಮಿಷ ತಿರುಗಿಸಿ, 37 ಡಿಗ್ರಿಯ ಮೀಡಿಯಂನಲ್ಲಿ 3 ಸಲ ತೊಳೆಯಿರಿ. ಮೊದಲ ತೊಳೆತದ ನಂತರ ಟ್ಯೂಬ್ ಬದಲಿಸಿದರೆ ಗೋಡೆಗೆ ಉಳಿದ ನೊಕೊಡಜೋಲ್ ಹಿಂದೆ ಬರುವುದಿಲ್ಲ. ಫ್ರಿಡ್ಜ್‌ನಿಂದ ಆಗಷ್ಟೇ ತೆಗೆದ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಸುರಿದರೆ ತಣ್ಣಗಿಗೆ ಮೈಕ್ರೊಟ್ಯೂಬ್ಯೂಲ್ ಕೂಡುವುದೇ ಇಲ್ಲ, ಇಡೀ ಸಮಯಪಟ್ಟಿ ಹಿಂದೆ ಬೀಳುತ್ತದೆ.

0, 15, 30, 45, 60, 90, 120 ನಿಮಿಷಕ್ಕೆ ಮಾದರಿ ತೆಗೆದು, ನೇರವಾಗಿ 95 ಡಿಗ್ರಿಯ ಎಸ್‌ಡಿಎಸ್ (ಪ್ರೋಟೀನ್ ಬಿಚ್ಚುವ ಡಿಟರ್ಜೆಂಟ್) ಬಫರ್‌ಗೆ ಹಾಕುವುದು ನನ್ನ ಪದ್ಧತಿ. ಕಿಣ್ವಗಳೆಲ್ಲ ಆ ಕ್ಷಣಕ್ಕೇ ನಿಲ್ಲುತ್ತವೆ. ಡಿಎನ್‌ಎಯಿಂದ ಲೋಳೆಲೋಳೆಯಾದರೆ ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಒಡೆಯಿರಿ). ಸೈಕ್ಲಿನ್ ಬಿ1 ಬ್ಯಾಂಡ್ 55–60 ಕಿಲೋಡಾಲ್ಟನ್ ಬಳಿ ಕಾಣುತ್ತದೆ. ಲೆಕ್ಕದ ತೂಕ ಸುಮಾರು 48 ಆಗಿದ್ದರೂ ಗಾಬರಿ ಬೇಡ. ಮೊದಲ ಅರ್ಧ ಗಂಟೆ ಹೆಚ್ಚು ಬದಲಾವಣೆ ಕಾಣದು, ನಂತರ ಇಳಿಕೆ ಶುರುವಾಗುತ್ತದೆ, 120 ನಿಮಿಷಕ್ಕೆ ಬಹುಪಾಲು ಹೋಗಿರಬೇಕು. ಜತೆಗೆ ಹಿಸ್ಟೋನ್ ಎಚ್3ಯ ಸೆರಿನ್-10 ಫಾಸ್ಫೇಟ್ (ಮೈಟಾಸಿಸ್‌ನ ಗುರುತು) ಕೂಡ ಇಳಿಯಬೇಕು.

ಶುದ್ಧತೆಗೆ ನಾನು ನಂಬುವ ಪರೀಕ್ಷೆ ಸೈಕ್ಲಿನ್ ಎ. ಅದನ್ನೂ ಒಡೆಯುವುದು ಎಪಿಸಿಯೇ, ಆದರೆ ಚೆಕ್‌ಪಾಯಿಂಟ್‌ಗೆ ಕಾಯುವುದಿಲ್ಲ, ಮೈಟಾಸಿಸ್‌ನ ಆರಂಭದ ಹಂತವಾದ ಪ್ರೊಮೆಟಾಫೇಸ್‌ನಲ್ಲೇ ಹೋಗಿಬಿಡುತ್ತದೆ. 0 ನಿಮಿಷದ ಲೇನ್‌ನಲ್ಲಿ ಸೈಕ್ಲಿನ್ ಬಿ1 ಗಾಢವಾಗಿ, ಸೈಕ್ಲಿನ್ ಎ ತೀರಾ ತಿಳಿಯಾಗಿ ಇದ್ದರೆ ಕೋಶಗಳು ಸರಿ. ಎರಡೂ ಗಾಢವಾಗಿದ್ದರೆ ಜಿ2 (ಮೈಟಾಸಿಸ್‌ಗೆ ಮುಂಚಿನ ಹಂತ) ಕೋಶಗಳು ಬೆರೆತಿವೆ ಎಂದರ್ಥ. ಆ ಬ್ಲಾಟ್‌ನಿಂದ ವೇಗ ಲೆಕ್ಕ ಹಾಕಬೇಡಿ.

ಬ್ಯಾಂಡ್ ಇಳಿಯಿತೆಂದ ಮಾತ್ರಕ್ಕೆ ಪ್ರೋಟಿಯಾಸೋಮ್ (ಯುಬಿಕ್ವಿಟಿನ್ ಅಂಟಿದ ಪ್ರೋಟೀನ್‌ಗಳನ್ನು ಒಡೆಯುವ ಕೋಶದ ಯಂತ್ರ) ಒಡೆಯಿತೆಂದು ಹೇಳಲಾಗದು. ತೊಳೆದ ಕೂಡಲೇ 10 ಮೈಕ್ರೊಮೋಲಾರ್ ಎಂಜಿ-132 (ಪ್ರೋಟಿಯಾಸೋಮ್ ತಡೆಯುವ ಔಷಧಿ) ಹಾಕಿದ ಜೋಡಿ ಮಾದರಿ ಇರಲಿ, ಇನ್ನೊಂದಕ್ಕೆ ಔಷಧಿ ಇಲ್ಲದೆ ಅಷ್ಟೇ ಪ್ರಮಾಣದ ದ್ರಾವಕ ಡಿಎಂಎಸ್‌ಒ. ಎಂಜಿ-132 ಇದ್ದಲ್ಲಿ ಕೋಶಗಳು ಮೆಟಾಫೇಸ್‌ನಲ್ಲಿ ನಿಂತು, ಬ್ಯಾಂಡ್ ಉಳಿಯಬೇಕು. ಎಂಜಿ-132 ಪ್ರೋಟೀನ್ ಒಡೆಯುವ ಬೇರೆ ಕಿಣ್ವಗಳಾದ ಕ್ಯಾಲ್ಪೇನ್, ಕೆಥೆಪ್ಸಿನ್‌ಗಳನ್ನೂ ತಡೆಯುವುದರಿಂದ, ಎಪಿಸಿಯ ಪಾತ್ರವನ್ನೇ ತೋರಿಸಬೇಕಿದ್ದರೆ ಎಪಿಸಿಯನ್ನು ತಡೆಯುವ ಪ್ರೊಟೇಮ್ ಸೇರಿಸಿ.

ಯುಬಿಕ್ವಿಟಿನ್ ಸರಪಳಿಯ ಏಣಿ ಕಾಣಬೇಕೆಂದು ಎಸ್‌ಡಿಎಸ್ ಬದಲು ಎನ್‌ಪಿ-40 ಬಫರ್ ಬಳಸಿ ಇಮ್ಯುನೊಪ್ರೆಸಿಪಿಟೇಶನ್ (ಪ್ರತಿಕಾಯದಿಂದ ಪ್ರೋಟೀನನ್ನು ಹಿಡಿದೆಳೆಯುವುದು) ಮಾಡುವವರು 10 ಮಿಲಿಮೋಲಾರ್ ಎನ್‌-ಈಥೈಲ್‌ಮ್ಯಾಲಿಮೈಡ್ ಸೇರಿಸಬೇಕು. ಇಲ್ಲವಾದರೆ ಯುಬಿಕ್ವಿಟಿನ್ ಕಳಚುವ ಕಿಣ್ವಗಳಾದ ಡಿಯುಬಿಕ್ವಿಟಿನೇಸ್‌ಗಳು ಐಸ್ ಮೇಲೂ ಸರಪಳಿ ಬಿಚ್ಚುತ್ತವೆ. ಎನ್‌-ಈಥೈಲ್‌ಮ್ಯಾಲಿಮೈಡನ್ನು ಬಳಸುವ ಮುನ್ನ ಆಗಷ್ಟೇ ಎಥನಾಲ್‌ನಲ್ಲಿ ಕರಗಿಸಿಕೊಳ್ಳಿ, ಆ ಬಫರ್‌ನಲ್ಲಿ ಡಿಟಿಟಿ (ಪ್ರೋಟೀನ್‌ಗಳ ಗಂಧಕದ ಕೊಂಡಿ ಬಿಡಿಸುವ ರಾಸಾಯನಿಕ) ಇರಬಾರದು: ಡಿಟಿಟಿಯ ಥಯೋಲ್‌ಗಳು ಅದನ್ನು ತಕ್ಷಣ ನಿಷ್ಕ್ರಿಯಗೊಳಿಸುತ್ತವೆ. ಡಿಟಿಟಿ ಹಾಕುವುದು ಜೆಲ್‌ಗೆ ಮುಂಚೆ, ಲೋಡಿಂಗ್ ಬಫರ್‌ನಲ್ಲಿ.