ಬಡೀತಿದ್ದದ್ದು ರಾಡ್ ಅಲ್ಲ

ಆ ಯಜಮಾನ್ರು ಗಾಡಿಗೆ ಸ್ಟ್ಯಾಂಡ್ ಹಾಕಿ ಒಳಗೆ ಬಂದವರು, ಸದ್ದು ಹೇಗಿದೆ ಅಂತ ಬಾಯಲ್ಲಿ ಹೇಳಲಿಲ್ಲ. ಬೆರಳಿನ ಗೆಣ್ಣಿನಿಂದ ನನ್ನ ಮೇಜು ಕುಟ್ಟಿ ತೋರಿಸಿದರು. ಟಕ್, ಟಕ್, ಟಕ್. ಒಂದು ಪೆಟ್ಟು ಬಿಟ್ಟು ಮತ್ತೆ ಟಕ್, ಟಕ್. "ರಾಡ್ ಹೋಗಿದೆ, ಇಂಜಿನ್ ಪೂರ್ತಿ ಇಳಿಸ್ಬೇಕು ಅಂದ್ರು ಇನ್ನೊಂದ್ಕಡೆ. ನೀನೊಂದ್ಸಲ ಕೇಳಪ್ಪ." ರಾಡ್ ಅಂದರೆ ಪಿಸ್ಟನ್ನನ್ನ ಕ್ರ್ಯಾಂಕಿಗೆ, ಅಂದರೆ ಇಂಜಿನ್ ಒಳಗೆ ಸುತ್ತೋ ಶಾಫ್ಟಿಗೆ, ಸೇರಿಸೋ ಕನೆಕ್ಟಿಂಗ್ ರಾಡ್.

ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗೋ ರಸ್ತೆಯಲ್ಲಿ ನನ್ನ ಗ್ಯಾರೇಜು. ಈ ಕಡೆ ನೂರು ಸಿಸಿ ಗಾಡಿ ಅಂದರೆ ಬೆಳಗ್ಗೆ ಸಂಜೆ ಡೇರಿಗೆ ಹಾಲು, ನಡುವೆ ಮೇವು, ಕಾಲ ಬಂದಾಗ ಟೊಮೆಟೊ, ಮಾವು. ಅದು ನಾಲ್ಕು ದಿನ ನಿಂತರೆ ಮನೆ ಕೆಲಸವೇ ನಿಲ್ಲುತ್ತೆ. ಮೊದಮೊದಲ ದಿನಗಳಲ್ಲಿ ನಾನೂ ಹೀಗೇ ಬರೀ ಸದ್ದು ಕೇಳಿ ಒಂದು ಇಂಜಿನ್ ಇಳಿಸಿ, ಕೇಸ್ ಬಿಚ್ಚಿ, ಕ್ರ್ಯಾಂಕ್ ತಗೊಂಡು ಲೇತ್ ಅಂಗಡಿಗೆ ಹೋಗಿದ್ದೆ. ರಾಡ್ ಚೆನ್ನಾಗಿತ್ತು. ಆವತ್ತಿನಿಂದ ಪಾನಾ ಮುಟ್ಟೋದಕ್ಕೆ ಮುಂಚೆ ಕೇಳೋದು ಒಂದೇ: ಸದ್ದು ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ?

ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದ ಮೇಲೆ ಇಳಿದರೆ ಪಿಸ್ಟನ್ ಕಡೆ ನೋಡಬೇಕು. ಇವರದ್ದು ಎರಡೂ ಹೊತ್ತು ಒಂದೇ ಥರ. ಕ್ಲಚ್ ಹಿಡಿದೆ, ಬದಲಾಗಲಿಲ್ಲ, ಹಾಗಾಗಿ ಕ್ಲಚ್ ಮನೆಯದ್ದಲ್ಲ. ವಾಲ್ವ್ ಒತ್ತೋ ಟ್ಯಾಪೆಟ್ ಆದರೆ ಸಣ್ಣ ಟಿಕ್ ಟಿಕ್. ಅದನ್ನ ಆಡಿಸೋ ಕ್ಯಾಮ್ ಸುತ್ತೋದೇ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಅದರ ತಾಳ ಕಿವಿಗೆ ಬೇರೆಯಾಗೇ ಗೊತ್ತಾಗುತ್ತೆ. ಇದು ದಪ್ಪ ಸದ್ದು. ರಾಡ್ ಬಡಿದರೂ ಹೀಗೇ ದಪ್ಪಗೆ ಬಡಿಯುತ್ತೆ, ಆ ಇನ್ನೊಬ್ಬರು ಮೋಸ ಹೋಗಿದ್ದು ಅಲ್ಲೇ. ಆದರೆ ರಾಡ್ ಹೋದ ಗಾಡಿಗೆ ಲೋಡ್ ಬಿದ್ದಷ್ಟೂ ಬಡಿತ ಜಾಸ್ತಿ. ಇವರ ಗಾಡಿ ಹತ್ತಿ ಎರಡು ಕಿಲೋಮೀಟರ್ ಓಡಿಸಿದೆ. ಎಳೆಯುವಾಗ ಸದ್ದು ಅಡಗುತ್ತೆ, ಐಡ್ಲಿಂಗಿಗೆ ಬಿಟ್ಟರೆ ಬರುತ್ತೆ, ಅದೂ ತಾಳ ತಪ್ಪಿ. ಯಜಮಾನ್ರು ಮೇಜಿನ ಮೇಲೆ ಬಿಟ್ಟ ಆ ಒಂದು ಪೆಟ್ಟು ಅದೇ.

ಉದ್ದದ ಸ್ಕ್ರೂಡ್ರೈವರ್ ಹಿಡಿ ಕಿವಿಗೆ ಒತ್ತಿಕೊಂಡು ತುದಿಯನ್ನ ಹೆಡ್, ಬ್ಲಾಕ್, ಬಲಗಡೆ ಕವರ್, ಎಡಗಡೆ ಕವರ್ ಹೀಗೆ ಒಂದೊಂದಕ್ಕೂ ಇಟ್ಟೆ. ಎಡಗಡೆ ಜೋರು. ಆದರೆ ಲೋಹದಲ್ಲಿ ಸದ್ದು ಎಲ್ಲಿಂದ ಎಲ್ಲಿಗೋ ಹರಿಯುತ್ತೆ, ಇದೊಂದನ್ನೇ ನಂಬೋ ಹಾಗಿಲ್ಲ. ಆಯಿಲ್ ಇಳಿಸಿ ಬಿಳಿ ಟಬ್ಬಿನಲ್ಲಿ ಬಿಸಿಲಿಗೆ ಹಿಡಿದೆ, ಪ್ಲಾಸ್ಟಿಕ್ ಕವರ್ ಸುತ್ತಿದ ಅಯಸ್ಕಾಂತ ಆಡಿಸಿದೆ. ಮಾಮೂಲಿ ಬೂದು ಮಡ್ಡಿ ಬಂತೇ ಹೊರತು ಉಕ್ಕಿನ ಚೂರಿಲ್ಲ. ರಾಡಿನ ಬೇರಿಂಗ್ ಆ ಮಟ್ಟಕ್ಕೆ ಬಡೀತಿದ್ದರೆ ಚೂರು ಕಾಣಬೇಕಿತ್ತು.

"ಬೆಳಗ್ಗೆ ಕಿಕ್ ಹೊಡೆದ್ರೆ ಸಲೀಸಾಗಿ ಹತ್ತುತ್ತಾ, ಯಜಮಾನ್ರೆ?" ಅಂದೆ.

"ಒಂದು ವಾರದಿಂದ ಕಾಲಿಗೆ ವಾಪಸ್ ಒದೀತದಪ್ಪ. ಮೀನಖಂಡ ನೋವು ಬಂದ್ಬಿಟ್ಟದೆ."

ಕಿಕ್ ವಾಪಸ್ ಒದೆಯೋದು ಅಂದರೆ ಕಿಡಿ ಹೊತ್ತಿಗೆ ಮುಂಚೆ ಬೀಳುತ್ತಿದೆ ಅಂತ. ಬಡಿತಕ್ಕೂ ಇದಕ್ಕೂ ಏನು ಸಂಬಂಧ ಅಂತ ಯೋಚಿಸುತ್ತಲೇ ಟ್ಯಾಪೆಟ್ ನೋಡೋಣ ಅಂತ ಪ್ಲಗ್ ಬಿಚ್ಚಿ, ಎಡಗಡೆ ಕವರಿನ ದೊಡ್ಡ ಕ್ಯಾಪ್ ತೆಗೆದು, ಕ್ರ್ಯಾಂಕ್ ತಿರುಗಿಸೋಕೆ ಅದರ ತುದಿಯಲ್ಲಿ ಕೂತು ಕರೆಂಟ್ ಹುಟ್ಟಿಸೋ ಮ್ಯಾಗ್ನೆಟ್ ನಟ್‌ಗೆ ಬಾಕ್ಸ್ ಪಾನಾ ಹಾಕಿದೆ. ಕ್ರ್ಯಾಂಕ್ ತಿರುಗಲಿಲ್ಲ, ನಟ್ ತಿರುಗಿತು. ಕಾಲು ಸುತ್ತು, ಬೆಣ್ಣೆ ಹಾಗೆ.

ಕವರ್ ತೆಗೆದೆ. ಈ ಇಂಜಿನ್ನಿನಲ್ಲಿ ಆ ಜಾಗಕ್ಕೆ ಆಯಿಲ್ ಬರಲ್ಲ. ನಟ್ ಸುತ್ತ ಕುಂಕುಮದಂಥ ಕೆಂಪು ಪುಡಿ ಕೂತಿತ್ತು. ಬಿಗಿಯಾಗಿ ಕೂರಬೇಕಾದ ಎರಡು ಉಕ್ಕು ಒಂದಕ್ಕೊಂದು ತಿಕ್ಕಿದರೆ ಬರೋ ತುಕ್ಕು ಅದು. ಮ್ಯಾಗ್ನೆಟ್ಟನ್ನ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ, ಟಕ್ ಅಂತು. ಅದೇ ಸದ್ದು. ಪ್ಲಗ್ ತೂತಿನಿಂದ ತೆಳು ಕಡ್ಡಿ ಇಳಿಬಿಟ್ಟು ಪಿಸ್ಟನ್ ಮೇಲಕ್ಕೆ ತಂದು ನೋಡಿದರೆ ಆ ಹೊತ್ತಿಗೆ ಗೆರೆಗೆ ಸೇರಬೇಕಾದ ಮ್ಯಾಗ್ನೆಟ್ ಮೇಲಿನ ಟಿ ಗುರುತು ಸೇರಲೇ ಇಲ್ಲ. ಪುಲ್ಲರ್ ಹಾಕಿ ಎಳೆದಾಗ ಮ್ಯಾಗ್ನೆಟ್ಟಿಗೂ ಕ್ರ್ಯಾಂಕಿಗೂ ನಡುವೆ ಕೂರೋ ಅರ್ಧಚಂದ್ರದ ಕೀ ಕೈಗೆ ಬಂತು, ಒಂದು ಅಂಚು ತಿಂದು ಮೆಟ್ಟಿಲಾಗಿತ್ತು. ಕಿಡಿ ಯಾವಾಗ ಬೀಳಬೇಕು ಅಂತ ಹೇಳೋ ಉಬ್ಬು ಇರೋದು ಮ್ಯಾಗ್ನೆಟ್ ಮೇಲೇ. ಮ್ಯಾಗ್ನೆಟ್ ಸರಿದರೆ ಕಿಡಿಯೂ ಸರಿಯುತ್ತೆ. ಕಾಲಿಗೆ ಒದ್ದಿದ್ದೂ ಮೇಜಿನ ಮೇಲೆ ಕುಟ್ಟಿದ್ದೂ ಒಂದೇ ರೋಗ. ಹಿಂದೆ ಯಾವಾಗಲೋ ಮ್ಯಾಗ್ನೆಟ್ ಬಿಚ್ಚಿದವರು ಸರಿಯಾಗಿ ಬಿಗಿ ಮಾಡಿರಲಿಲ್ಲ ಅಂತ ಕಾಣುತ್ತೆ.

ಪುಣ್ಯಕ್ಕೆ ಕ್ರ್ಯಾಂಕಿನಲ್ಲಿ ಕೀ ಕೂರೋ ಸೀಳು ಕೆಟ್ಟಿರಲಿಲ್ಲ. ಇಲ್ಲಿ ಬರೀ ಹೊಸ ಕೀ ಹಾಕಿ ನಟ್ ಬಿಗಿ ಮಾಡಿದರೆ ತಿಂಗಳಲ್ಲಿ ವಾಪಸ್ ಬರುತ್ತೆ. ಮ್ಯಾಗ್ನೆಟ್ಟನ್ನ ಹಿಡಿದಿರೋದು ಕೀ ಅಲ್ಲ, ಕ್ರ್ಯಾಂಕಿನ ಟೇಪರ್, ಅಂದರೆ ತುದಿ ಕಡೆಗೆ ಸಣ್ಣಗಾಗೋ ಭಾಗ, ಮ್ಯಾಗ್ನೆಟ್ಟಿನ ಟೇಪರಿಗೆ ಕಚ್ಚಿಕೊಳ್ಳೋ ಬಿಗಿ. ಕೀ ಇರೋದು ಜಾಗ ತೋರಿಸೋದಕ್ಕೆ. ಅದಕ್ಕೇ ಕೀ ಇಲ್ಲದೆ ವಾಲ್ವ್ ಉಜ್ಜೋ ಪೇಸ್ಟ್ ಸವರಿ, ಮ್ಯಾಗ್ನೆಟ್ ಕೂರಿಸಿ ಆಚೀಚೆ ತಿರುವಿ ತಿರುವಿ ಉಜ್ಜಿದೆ, ಸುತ್ತಲೂ ಒಂದೇ ಸಮ ಬೂದು ಬಣ್ಣ ಬರೋವರೆಗೆ. ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ಪೆಟ್ರೋಲಿನಲ್ಲಿ ತೊಳೆದೆ, ಒಣಬಟ್ಟೆಯಲ್ಲಿ ಒರೆಸಿದೆ. ಟೇಪರ್ ಮೇಲೆ ಆಯಿಲ್ ಕೈ ಕೂಡ ತಾಗಬಾರದು. ಹೊಸ ಕೀ, ಹೊಸ ವಾಷರ್, ನಟ್ ಬಿಗಿ ಟಾರ್ಕ್ ಪಾನಾದಲ್ಲಿ. ಆಮೇಲೆ ಟ್ಯಾಪೆಟ್ ಸಂದು ಅಳತೆಗೆ ಇಟ್ಟು ಹೊಸ ಆಯಿಲ್ ಹಾಕಿದೆ.

ಮೊದಲನೇ ಕಿಕ್ಕಿಗೇ ಹತ್ತಿತು. ಸಂಜೆ ಹಾಲಿನ ಹೊತ್ತಿಗೆ ಗಾಡಿ ಹೋಯ್ತು. ನಟ್‌ನಿಂದ ಮ್ಯಾಗ್ನೆಟ್‌ವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ, ಹದಿನೈದು ದಿನ ಬಿಟ್ಟು ಬನ್ನಿ ಅಂದಿದ್ದೆ. ಬಂದರು. ಕ್ಯಾಪ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಗೆರೆ ಸರಿದಿರಲಿಲ್ಲ.